ಎಸಳು ಎಣಿಸಬೇಡಿ, ಗೆಣ್ಣು ನೋಡಿ: ಗರಿಕೆ ಗುರುತಿಸುವ ಬಗೆ

ಚೌತಿ ಹತ್ತಿರ ಬಂತು ಅಂದರೆ ನನ್ನ ವಾಟ್ಸಾಪ್‌ಗೆ ಹುಲ್ಲಿನ ಫೋಟೋಗಳು ಬರಲು ಶುರು. "ಇದು ಗರಿಕೆನೇ ಹೌದಾ ನೋಡಿ ಹೇಳಿ." ಅಂಗೈ ಮೇಲೆ ಮೂರೆಸಳಿನ ಒಂದು ಕುಡಿ, ಅಷ್ಟೇ. ಚೌತಿ ಮುಗಿದ ಮೇಲೆ ಇದೇ ಪ್ರಶ್ನೆ ಬೇರೆಯವರಿಂದ. ಹಸು ಕಟ್ಟಿದವರಿಗೆ ಬೇಣದಲ್ಲಿ, ಅಂದರೆ ಮೇವಿಗೆ ಬಿಟ್ಟ ಹುಲ್ಲುಗಾವಲಲ್ಲಿ, ಇರೋದು ವರ್ಷವಿಡೀ ಉಳಿಯುವ ಮೇವೋ, ಮಳೆ ನಿಂತ ಕೂಡಲೇ ಒಣಗಿ ಹೋಗುವ ಹುಲ್ಲೋ ಅಂತ ತಿಳಿಯಬೇಕು. ತರಕಾರಿ ಪಾತಿ ಮಾಡಿದವರಿಗೆ ಇದೇ ಹುಲ್ಲು ತಲೆನೋವು, ಅವರಿಗೆ ಕಿತ್ತರೆ ಹೋಗುತ್ತದಾ ಅಂತ ತಿಳಿಯಬೇಕು.

ಮೂವರಿಗೂ ಒಂದೇ ಉತ್ತರ: ಹುಲ್ಲನ್ನು ಮೇಲಿಂದ ಚಿವುಟಿ ತಂದರೆ ಗುರುತು ಸಿಗುವುದಿಲ್ಲ. ಗುರುತೆಲ್ಲ ಇರುವುದು ನೆಲಕ್ಕೆ ಅಂಟಿದ ಭಾಗದಲ್ಲಿ. ಮೂರೆಸಳಿನ ಕುಡಿ ನಮ್ಮ ಪೂಜೆಯ ಆಯ್ಕೆ. ಎಳೆಯದಾಗಿದ್ದಾಗ ಹತ್ತಾರು ಹುಲ್ಲುಗಳ ತುದಿ ಹಾಗೇ ಕಾಣುತ್ತದೆ.

ಏನೇನು ಬೇಕು

ಒಂದು ಸಣ್ಣ ಗುದ್ದಲಿ ಅಥವಾ ಹಳೆ ಚಾಕು. ಒಂದು ಬಿಳಿ ಹಾಳೆ. ಮಕ್ಕಳ ಜಾಮಿಟ್ರಿ ಬಾಕ್ಸಿನ ಸ್ಕೇಲು. ಭೂತಗನ್ನಡಿ ಇದ್ದರೆ ಒಳ್ಳೆಯದು, ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವಂಥದ್ದು ಸಾಕು. ಇಲ್ಲದಿದ್ದರೆ ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ ನೋಡಿ, ಮುಕ್ಕಾಲು ಕೆಲಸ ಆಗುತ್ತದೆ.

ಶಿರಸಿ, ಸಿದ್ದಾಪುರದ ಕಡೆ ಇದ್ದರೆ ಮಳೆಗಾಲದಲ್ಲಿ ಉಂಬಳ (ಜಿಗಣೆ) ಹತ್ತುವುದು ಗೊತ್ತೇ ಇದೆ. ಅದಕ್ಕಿಂತ ಗಮನ ಕೊಡಬೇಕಾದ್ದು ಡಿಸೆಂಬರಿಂದ ಮೇವರೆಗೆ, ಕಾಡಂಚಿನ ಬೇಣಗಳಲ್ಲಿ ಇರುವ ಉಣುಗಿನ (ಉಣ್ಣೆಹುಳದ) ಬಗ್ಗೆ. ಮಂಗನ ಕಾಯಿಲೆ ಹರಡುವುದು ಅದರಿಂದಲೇ. ತುಂಬು ತೋಳಿನ ಅಂಗಿ, ಉದ್ದ ಪ್ಯಾಂಟು ಹಾಕಿಕೊಳ್ಳಿ. ಹುಲ್ಲಿನ ಮೇಲೆ ಕೂತು ನೋಡಬೇಡಿ. ಮನೆಗೆ ಬಂದು ಬಿಸಿನೀರಲ್ಲಿ ಮಿಂದು ಬಟ್ಟೆ ತೊಳೆಯಲು ಹಾಕಿ.

ನಾಲ್ಕು ಪದ ಮೊದಲೇ ತಿಳಿದಿರಲಿ

*ಗೆಣ್ಣು* ಅಂದರೆ ಕಬ್ಬಿನಲ್ಲಿ ಕಾಣುತ್ತದಲ್ಲ, ಅದೇ ಗಂಟು. ಎಲೆ, ಬೇರು, ಹೊಸ ಚಿಗುರು ಮೂರೂ ಹೊರಡುವ ಜಾಗ. *ಹಂಬು* ಅಂದರೆ ನೆಲದ ಮೇಲೆ ಬಳ್ಳಿಯ ಹಾಗೆ ಹರಿದು ಹೋಗುವ ಕಾಂಡ. *ಹಾಳೆ* ಅಂದರೆ ಎಲೆಯ ಬುಡದ ಭಾಗ, ಕಾಂಡಕ್ಕೆ ಸುತ್ತಿಕೊಂಡಿರುತ್ತದೆ. ಅಡಿಕೆ ಮರದ ಹಾಳೆ ನೋಡಿದವರಿಗೆ ಬೇರೆ ವಿವರಣೆ ಬೇಡ, ಇದು ಅದರದ್ದೇ ಸಣ್ಣ ರೂಪ. *ನಾಲಗೆ* ಅಂದರೆ ಎಲೆ ಬಾಗಿ ಹೊರಬರುವ ಕಡೆ, ಹಾಳೆಯ ಬಾಯಲ್ಲಿ, ಒಳಮಗ್ಗುಲಿಗೆ ಇರುವ ಪೊರೆ ಅಥವಾ ಕೂದಲ ಸಾಲು. ಪುಸ್ತಕಗಳಲ್ಲಿ ಇದಕ್ಕೆ ಲಿಗ್ಯೂಲ್ ಅಂತ ಬರೆದಿರುತ್ತಾರೆ. ಹೂ ಬಿಡದ ಹುಲ್ಲನ್ನು ಗುರುತಿಸಲು ಇದರಷ್ಟು ಸಹಾಯ ಮಾಡುವುದು ಬೇರೆ ಇಲ್ಲ.

1. ಮೊದಲು ಜಾಗ ನೋಡಿ

ಗರಿಕೆಗೆ ಬಿಸಿಲು ಬೇಕು. ನೆರಳಲ್ಲಿ ಅದು ಸೊರಗಿ, ಕೊನೆಗೆ ಜಾಗ ಬಿಟ್ಟುಕೊಡುತ್ತದೆ. ಹಾಗಾಗಿ ದಟ್ಟ ಅಡಿಕೆ ತೋಟದೊಳಗೆ, ಅಗಳದ (ನೀರು ಹರಿಯುವ ಕಂದಕದ) ಪಕ್ಕದ ತಂಪಿನಲ್ಲಿ ಹಸಿರು ಚಾಪೆ ಹಾಸಿದ ಹಾಗೆ ಹುಲ್ಲು ಕಂಡರೆ ಅದು ಗರಿಕೆ ಆಗಿರುವ ಸಂಭವ ಬಹಳ ಕಡಿಮೆ. ಅಲ್ಲಿರೋದು ಸಾಮಾನ್ಯವಾಗಿ ಅಗಲ ಎಲೆಯ ಕಾರ್ಪೆಟ್ ಹುಲ್ಲು, ಇಲ್ಲವೇ ಇಂಗ್ಲಿಷಿನ ವೈ ಅಕ್ಷರದ ಹಾಗೆ ಎರಡೇ ಕೊಂಬಿನ ತೆನೆ ಬಿಡುವ ಪ್ಯಾಸ್ಪಾಲಮ್ ಜಾತಿಯ ಹುಲ್ಲು.

ಗರಿಕೆ ಹುಡುಕುವುದಾದರೆ ಗದ್ದೆ ಅಂಚು, ಅಂಗಳದ ಬದಿ, ಚಿರೆಕಲ್ಲಿನ ಪಾಗಾರದ ಬುಡ, ಶಾಲೆ ಮೈದಾನ, ದನ ಮೇಯುವ ಬಯಲು ನೋಡಿ. ತುಳಿತ, ಮೇಯುವಿಕೆ ಎರಡನ್ನೂ ತಾಳಿಕೊಳ್ಳುತ್ತದೆ. ಸ್ವಲ್ಪ ಉಪ್ಪು ನೆಲವನ್ನೂ ಸಹಿಸುತ್ತದೆ. ಕುಮಟಾ ಕಡೆ ಗಜನಿಯ (ಉಪ್ಪುನೀರು ನುಗ್ಗುವ ಗದ್ದೆಯ) ಕಟ್ಟೆಗಳ ಮೇಲ್ಭಾಗದಲ್ಲಿ ಹುಡುಕಿದರೆ ನಿರಾಸೆ ಆಗಲಿಕ್ಕಿಲ್ಲ. ಆದರೆ ಕಾರವಾರದ ಕಡಲ ದಂಡೆಯ ಬರಿ ಮರಳಲ್ಲಿ ಉದ್ದುದ್ದ ಹಂಬು ಬಿಟ್ಟು, ಮುಟ್ಟಿದರೆ ಸೂಜಿಯ ಹಾಗೆ ಚುಚ್ಚುವ ಹುಲ್ಲು ಇದೆಯಲ್ಲ, ಅದು ರಾವಣನ ಮೀಸೆ. ಅದರ ಮುಳ್ಳಿನ ಚೆಂಡುಗಳು ಗಾಳಿಗೆ ದಂಡೆಯ ಮೇಲೆ ಉರುಳಿ ಹೋಗುವುದನ್ನು ನೋಡಿರುತ್ತೀರಿ. ಹಂಬು ಬಿಡುವ ಹುಲ್ಲೆಲ್ಲ ಗರಿಕೆ ಅಂದುಕೊಂಡರೆ ಇಲ್ಲೇ ಎಡವುತ್ತೇವೆ.

2. ಹುಲ್ಲೇ ಹೌದಾ ಅಂತ ಖಾತ್ರಿ ಮಾಡಿಕೊಳ್ಳಿ

ಇದು ಅರ್ಧ ನಿಮಿಷದ ಕೆಲಸ. ಕಾಂಡವನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಉರುಳಿಸಿ. ಮೂರು ಮೂಲೆ ಕೈಗೆ ತಾಗಿದರೆ ಅದು ಹುಲ್ಲಲ್ಲ, ಜೇಕಿನ ಜಾತಿ. ತೋಟದಲ್ಲಿ ಕಿತ್ತಷ್ಟೂ ಬರುವ ಕೊನ್ನಾರಿ ಇದೇ ಪಂಗಡದ್ದು. ಅದರ ಬುಡ ಅಗೆದರೆ ಕಪ್ಪು ಕಂದು ಬಣ್ಣದ, ಪರಿಮಳದ ಗಡ್ಡೆ ಸಿಗುತ್ತದೆ. ಗರಿಕೆಗೆ ಗಡ್ಡೆ ಇರುವುದಿಲ್ಲ. ಅದರ ಕಾಂಡ ದುಂಡಗೆ ಅಥವಾ ಒಂಚೂರು ಚಪ್ಪಟೆಯಾಗಿ ಉರುಳುತ್ತದೆ.

3. ಹಂಬು ಎತ್ತಿ, ಗೆಣ್ಣು ನೋಡಿ

ಇಡೀ ಕೆಲಸದ ಮುಖ್ಯ ಹಂತ ಇದು. ಇದೊಂದನ್ನು ಸರಿಯಾಗಿ ಮಾಡಿದರೆ ದೊಡ್ಡ ಭಾಗ ಮುಗಿದ ಹಾಗೆ, ಉಳಿದದ್ದನ್ನು ತಾಳೆ ನೋಡಿಕೊಳ್ಳಬೇಕು.

ಕುಡಿಯನ್ನು ಹಿಡಿದು ಎಳೆಯಬೇಡಿ, ತುಂಡಾಗುತ್ತದೆ. ನೆಲಕ್ಕೆ ತಾಗಿದ ಹಂಬನ್ನು ಬೆರಳಲ್ಲಿ ಹುಡುಕಿ, ಅದರ ಅಡಿಗೆ ಚಾಕು ತೂರಿಸಿ, ಮೆಲ್ಲಗೆ ಎತ್ತುತ್ತಾ ಹೋಗಿ. ಗರಿಕೆಯಾದರೆ ಹಂಬು ತುಸು ಸೆಣೆಸುತ್ತದೆ, ಆಮೇಲೆ ಚಟ್ ಚಟ್ ಅಂತ ಒಂದೊಂದೇ ಗೆಣ್ಣಿನ ಬೇರು ಬಿಡಿಸಿಕೊಂಡು ಮೇಲೆ ಬರುತ್ತದೆ. ಒಂದು ಗೇಣು ಉದ್ದದ ತುಂಡು ಸಾಕು. ಬಿಳಿ ಹಾಳೆಯ ಮೇಲೆ ಇಡಿ.

ಈಗ ಗೆಣ್ಣು ನೋಡಿ. ಸಾಮಾನ್ಯವಾಗಿ ಹುಲ್ಲಿಗೆ ಒಂದು ಗೆಣ್ಣಿಗೆ ಒಂದೇ ಎಲೆ. ಒಂದು ಎಡಕ್ಕೆ, ಮುಂದಿನದು ಬಲಕ್ಕೆ. ಗರಿಕೆಯ ಹಂಬಿನಲ್ಲಿ ಹಾಗಲ್ಲ, ಒಂದೇ ಕಡೆಯಿಂದ ಎರಡು, ಮೂರು, ಒಮ್ಮೊಮ್ಮೆ ನಾಲ್ಕು ಎಲೆ ಎದುರುಬದುರಾಗಿ ಹೊರಟ ಹಾಗೆ ಕಾಣುತ್ತದೆ. ನಡುವೆ ಎಲೆಯೇ ಇಲ್ಲದ ಉದ್ದ ಕಡ್ಡಿ, ಮತ್ತೆ ಒಂದು ಗೊಂಚಲು, ಮತ್ತೆ ಕಡ್ಡಿ.

ಅದು ಯಾಕೆ ಹಾಗೆ? ಒಂದು ಗೊಂಚಲಿನ ಎಲೆಗಳನ್ನು ಉಗುರಲ್ಲಿ ಒಂದೊಂದಾಗಿ ಬಿಡಿಸಿ ನೋಡಿ. ಅಲ್ಲಿರೋದು ಒಂದು ಗೆಣ್ಣಲ್ಲ. ಎರಡು ಮೂರು ಗೆಣ್ಣುಗಳು ಒಂದರ ಮೇಲೊಂದು ಒತ್ತಿ ಕೂತಿರುತ್ತವೆ, ನಡುವಿನ ಕಾಂಡ ಒಂದೆರಡು ಮಿಲಿಮೀಟರೂ ಬೆಳೆದಿರುವುದಿಲ್ಲ. ಆಮೇಲೆ ಒಂದು ಉದ್ದ ಕಾಂಡ, ಮತ್ತೆ ಒತ್ತಿಕೊಂಡ ಗೆಣ್ಣುಗಳು. ಒಂದು ಸಲ ಬಿಡಿಸಿ ನೋಡಿದವರಿಗೆ ಮತ್ತೆ ಮರೆಯುವುದಿಲ್ಲ.

ಈ ಗೊಂಚಲು ಗೆಣ್ಣಿನ ಅಡಿಯಲ್ಲಿ ಬಿಳಿ ಬೇರು ಇಳಿದಿರುತ್ತದೆ, ಮೇಲೆ ನೇರ ನಿಂತ ಚಿಗುರು ಇರುತ್ತದೆ. ಪೂಜೆಗೆ ಕೊಯ್ಯುವುದು ಆ ಚಿಗುರಿನ ತುದಿಯನ್ನು. ಇನ್ನೂ ಬಿಚ್ಚದ ಮೊಗ್ಗುಗಳನ್ನು ಗಮನಿಸಿ. ಚೂಪಾಗಿ, ಗಟ್ಟಿ ಪೊರೆ ಮುಚ್ಚಿಕೊಂಡು, ನಾಯಿಮರಿಯ ಹಲ್ಲಿನ ಹಾಗೆ ಕಾಣುತ್ತವೆ. ಗರಿಕೆಯ ಶಾಸ್ತ್ರೀಯ ಹೆಸರು ಸೈನೊಡಾನ್ ಡ್ಯಾಕ್ಟಿಲಾನ್. ಮೊದಲ ಪದದ ಅರ್ಥ ನಾಯಿ ಹಲ್ಲು, ಎರಡನೆಯದರದ್ದು ಬೆರಳು. ಲಿನೇಯಸ್ 1753ರಲ್ಲಿ ಇದನ್ನು ಬೇರೊಂದು ಕುಲಕ್ಕೆ ಸೇರಿಸಿದ್ದ. ಈಗಿನ ಹೆಸರು ಬಂದಿದ್ದು 1805ರಲ್ಲಿ. ಬೆರಳಿನ ಮಾತು ಆರನೇ ಹಂತದಲ್ಲಿ ಬರುತ್ತದೆ.

ಎಚ್ಚರ: ಮಳೆಗಾಲದ ಗರಿಕೆ, ಬೇಸಿಗೆಯ ಗರಿಕೆ ಒಂದೇ ಗಿಡ ಅಂತ ನಂಬಲಿಕ್ಕೆ ಆಗುವುದಿಲ್ಲ. ಕಾರವಾರದಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ. ಆಷಾಢದಲ್ಲಿ ಬೇರೆ ಹುಲ್ಲಿನ ನಡುವೆ ಸಿಕ್ಕಿಕೊಂಡ ಗರಿಕೆ ಬೆಳಕಿಗಾಗಿ ಮೊಣಕಾಲೆತ್ತರ ಎದ್ದು, ತೆಳ್ಳಗೆ, ತಿಳಿ ಹಸಿರಾಗಿ ನಿಂತಿರುತ್ತದೆ. ಅದೇ ಗಿಡ ಫೆಬ್ರವರಿಯಲ್ಲಿ ನೆಲಕ್ಕೆ ಅಂಟಿ, ಎಲೆ ಅರ್ಧ ಬೆರಳುದ್ದ, ಬಣ್ಣ ಬೂದಿ ಹಸಿರು. ಎತ್ತರ, ಬಣ್ಣ ನೋಡಿ ತೀರ್ಮಾನ ಮಾಡಬೇಡಿ. ಗೆಣ್ಣಿನ ಲೆಕ್ಕ ಎರಡರಲ್ಲೂ ಒಂದೇ.

4. ನೆಲದಡಿ ಏನಿದೆ?

ಹಂಬು ಕಿತ್ತ ಜಾಗದಲ್ಲೇ ಒಂದರ್ಧ ಅಡಿ ಅಗೆಯಿರಿ. ಗರಿಕೆಯಾದರೆ ಮಣ್ಣಿನೊಳಗೆ ಬಿಳಿಯ ಅಥವಾ ಹಳದಿ ಬಿಳುಪಿನ, ಗಟ್ಟಿಯಾದ, ಗೆಣ್ಣುಗೆಣ್ಣಿನ ಕಾಂಡ ಸಿಗುತ್ತದೆ. ಇದು ಬೇರಲ್ಲ, ನೆಲದಡಿ ಓಡುವ ಕಾಂಡ. ಬೇರಿಗೆ ಗೆಣ್ಣು ಇರುವುದಿಲ್ಲ, ಇದಕ್ಕೆ ಇರುತ್ತದೆ. ವ್ಯತ್ಯಾಸ ಅಷ್ಟೇ.

ಬಹುವಾರ್ಷಿಕ ಅನ್ನುವುದಕ್ಕೆ ಇದೇ ಸಾಕ್ಷಿ. ಅಂದರೆ ಬೀಜ ಬಿದ್ದು ಹುಟ್ಟಬೇಕು ಅಂತಿಲ್ಲ, ಹಳೆ ಗಿಡವೇ ವರ್ಷಗಟ್ಟಲೆ ಉಳಿಯುತ್ತದೆ. ಮೇ ತಿಂಗಳಲ್ಲಿ ಮೇಲೆಲ್ಲ ಒಣಗಿ ಕಂದಾದರೂ ಕೆಳಗೆ ಜೀವ ಇರುತ್ತದೆ. ಒಂದು ಅಡ್ಡ ಮಳೆ ಬಿದ್ದರೆ ವಾರದೊಳಗೆ ಹಸಿರು. ಮೇವಿಗೆ ಇದನ್ನು ನಂಬಬಹುದು ಅನ್ನುವುದು ಇದೇ ಕಾರಣಕ್ಕೆ. ದನ ಮೇಲಿನದನ್ನು ಕಚ್ಚಿ ತಿಂದರೂ ಮೊಗ್ಗುಗಳು ನೆಲಮಟ್ಟದಲ್ಲೇ ಸುರಕ್ಷಿತ.

ನಾನು ಈ ಹಂತ ಬಿಟ್ಟು ಒಮ್ಮೆ ಪೆಟ್ಟು ತಿಂದಿದ್ದೇನೆ. ಶ್ರಾವಣದಲ್ಲಿ ಚೆಂದದ ಹಂಬು, ಬೆರಳಿನ ಹಾಗಿದ್ದ ತೆನೆ ನೋಡಿ ಗರಿಕೆ ಅಂತಲೇ ತಂದು ಕೊಟ್ಟಿಗೆ ಹಿಂದಿನ ದರೆಗೆ (ಮಣ್ಣಿನ ದಿಬ್ಬಕ್ಕೆ) ಹಾಕಿದೆ. ದೀಪಾವಳಿ ಕಳೆದು ತಿಂಗಳಿಗೆ ಪೂರ್ತಿ ಒಣಗಿತು. ಅಗೆದರೆ ಕೆಳಗೆ ನಾರು ಬೇರು ಬಿಟ್ಟು ಏನೂ ಇರಲಿಲ್ಲ. ಅದು ಕೋಣನತಲೆ ಹುಲ್ಲು, ಒಂದೇ ಹಂಗಾಮಿನದು.

ತರಕಾರಿ ಪಾತಿಯವರಿಗೆ ಒಂದು ಮಾತು. ಈ ನೆಲದಡಿ ಕಾಂಡದ ಒಂದು ಗೆಣ್ಣು ಉಳಿದರೂ ಹೊಸ ಗಿಡ ಏಳುತ್ತದೆ. ಟಿಲ್ಲರ್ ಹೊಡೆಸಿ ತುಂಡು ಮಾಡಿದರೆ ಒಂದಕ್ಕೆ ಹತ್ತಾಗುತ್ತದೆ. ಬಿಸಿಲಿನ ದಿನಗಳಲ್ಲಿ ಅಗೆದು, ಕಾಂಡ ಆರಿಸಿ, ಒಣಗಲು ಹಾಕುವುದೇ ದಾರಿ.

5. ಎಲೆ ಮತ್ತು ನಾಲಗೆ

ಎಲೆಯ ಅಗಲ ಅಳೆಯಿರಿ. ಗರಿಕೆಗೆ ಸಾಧಾರಣ 2ರಿಂದ 4 ಮಿಲಿಮೀಟರ್. ತುದಿ ಚೂಪು. ಎಂಟು ಹತ್ತು ಮಿಲಿಮೀಟರ್ ಅಗಲ, ತುದಿ ಮೊಂಡು ಅಂದರೆ ಅಲ್ಲಿಗೇ ಬಿಡಿ, ಅದು ಕಾರ್ಪೆಟ್ ಹುಲ್ಲು.

ಆಮೇಲೆ ಎಲೆಯನ್ನು ಮೆಲ್ಲಗೆ ಹಿಂದಕ್ಕೆ ಬಗ್ಗಿಸಿ. ಹಾಳೆಯ ಬಾಯಿ ತೆರೆಯುತ್ತದೆ. ಬೆಳಕಿಗೆ ಹಿಡಿದು ನೋಡಿದರೆ ಅಲ್ಲಿ ಬಿಳಿ ಕೂದಲಿನ ಗಿಡ್ಡ ಸಾಲು, ಹಲ್ಲುಜ್ಜುವ ಬ್ರಶ್ಶಿನ ಹಾಗೆ. ಎರಡೂ ಮೂಲೆಗಳಲ್ಲಿ ಕೂದಲು ತುಸು ಉದ್ದ. ಇದು ಗರಿಕೆಯ ನಾಲಗೆ. ಅಲ್ಲಿ ಕೂದಲಿನ ಬದಲು ತೆಳ್ಳಗಿನ, ಪಾರದರ್ಶಕ ಪೊರೆ ಎದ್ದು ನಿಂತಿದ್ದರೆ ನಿಮ್ಮ ಕೈಲಿರೋದು ಬಹುಶಃ ಡಿಜಿಟೇರಿಯಾ, ಗದ್ದೆ ತೋಟಗಳಲ್ಲಿ ಎಲ್ಲೆಲ್ಲೂ ಬರುವ ಮೆತ್ತನೆ ಎಲೆಯ ಕಳೆ.

ಹಳೆ ಎಲೆಯಲ್ಲಿ ನೋಡಬೇಡಿ, ಕೂದಲು ಉದುರಿರುತ್ತದೆ. ತುದಿಯಿಂದ ಎರಡನೇ ಅಥವಾ ಮೂರನೇ ಎಲೆ ತೆಗೆದುಕೊಳ್ಳಿ. ಒದ್ದೆ ಇದ್ದರೆ ಕೂದಲು ಅಂಟಿಕೊಂಡು ಪೊರೆಯ ಹಾಗೇ ಕಾಣುತ್ತದೆ. ಬಟ್ಟೆಯಲ್ಲಿ ಒರೆಸಿ ಐದು ನಿಮಿಷ ಬಿಡಿ. ಮಳೆಗಾಲದಲ್ಲಿ ನನ್ನ ಹತ್ತಿರ ಬರುವ ಅರ್ಧ ಗೊಂದಲ ಈ ಒದ್ದೆ ಕೂದಲಿನದ್ದೇ.

6. ತೆನೆ ಸಿಕ್ಕರೆ

ಗರಿಕೆಯ ತೆನೆ ಕೈಬೆರಳಿನ ಹಾಗೆ. ಒಂದೇ ಬಿಂದುವಿನಿಂದ ನಾಲ್ಕೋ ಐದೋ ಕಡ್ಡಿ ಹರಡಿಕೊಳ್ಳುತ್ತವೆ. ಮೂರೂ ಇರಬಹುದು, ಆರೂ ಇರಬಹುದು. ಒಂದೊಂದು ಕಡ್ಡಿ 2ರಿಂದ 6 ಸೆಂಟಿಮೀಟರ್ ಉದ್ದ, ದಪ್ಪ ಮಾತ್ರ ಒಂದೆರಡು ಮಿಲಿಮೀಟರ್. ಸಣ್ಣಸಣ್ಣ ಕಾಳುಗಳು ಕಡ್ಡಿಯ ಒಂದೇ ಮಗ್ಗುಲಿಗೆ ಎರಡು ಸಾಲಾಗಿ ಕೂತಿರುತ್ತವೆ. ತಿರುಗಿಸಿ ನೋಡಿದರೆ ಇನ್ನೊಂದು ಮಗ್ಗುಲು ಬೋಳು. ಹೂವಾದಾಗ ನೇರಳೆ ಛಾಯೆ ಇರುವುದುಂಟು. ಕಾಳಿಗೆ ಉದ್ದ ಕೂದಲು, ಮೀಸೆ ಏನೂ ಇಲ್ಲ.

ತೆನೆ ಇಲ್ಲ ಅಂತ ಕಾಯಬೇಡಿ. ದನ ಮೇಯುವಲ್ಲಿ, ಹುಲ್ಲು ಕತ್ತರಿಸುವಲ್ಲಿ ತೆನೆ ಬರುವುದೇ ಅಪರೂಪ.

7. ಮೋಸ ಮಾಡುವ ಹುಲ್ಲುಗಳು

ಬೆರಳಿನ ತೆನೆ ಗರಿಕೆಯೊಂದಕ್ಕೇ ಇರೋದಲ್ಲ. ಅದಕ್ಕೇ ಬರಿ ತೆನೆ ನೋಡಿದವರು ಜಾಸ್ತಿ ತಪ್ಪುತ್ತಾರೆ.

ಕಾಡು ರಾಗಿ. ಚೌತಿ ಕಟ್ಟಿನಲ್ಲಿ ಸೇರಿಕೊಳ್ಳುವವರಲ್ಲಿ ಇದೇ ಮೊದಲನೆಯದು. ರಾಗಿಯ ಹತ್ತಿರದ ಸಂಬಂಧಿ. ಹಂಬು ಬಿಡುವುದಿಲ್ಲ, ಒಂದೇ ಬುಡದಿಂದ ಚಕ್ರದ ಹಾಗೆ ಸುತ್ತ ಹರಡುತ್ತದೆ. ಬುಡ ಚಪ್ಪಟೆ, ಬೆಳ್ಳಗೆ, ಒತ್ತಿದರೆ ಮಡಿಸಿದ ಕಾಗದದ ಹಾಗೆ ಅನಿಸುತ್ತದೆ. ತೆನೆಯ ಬೆರಳು ದಪ್ಪ, ನಾಲ್ಕೈದು ಮಿಲಿಮೀಟರ್. ಒಂದು ಬೆರಳು ಉಳಿದವುಗಳಿಗಿಂತ ಕೆಳಗೆ, ಹೆಬ್ಬೆರಳಿನ ಹಾಗೆ ಬೇರೆಯಾಗಿ ಹೊರಟಿರುವುದು ಸಾಮಾನ್ಯ. ಕೀಳಲು ಹೋದರೆ ಸೊಂಟ ಹಿಡಿಯುತ್ತದೆ, ಅಷ್ಟು ಗಟ್ಟಿ ಬೇರು.

ಕೋಣನತಲೆ ಹುಲ್ಲು. ನನಗೆ ಮೋಸ ಮಾಡಿದ್ದು ಇದು. ಹಂಬು ಇದೆ, ಗೆಣ್ಣಿಗೆ ಬೇರೂ ಇದೆ. ಆದರೆ ತೆನೆಯ ಬೆರಳುಗಳು ಗಿಡ್ಡ, ದಪ್ಪ, ಕೂಡಿಸುವ ಗುರುತಿನ ಹಾಗೆ ಅಡ್ಡಡ್ಡ ಚಾಚಿಕೊಂಡಿರುತ್ತವೆ. ಪ್ರತಿ ಬೆರಳಿನ ತುದಿಯಲ್ಲಿ ಕಾಳಿಲ್ಲದ ಚೂಪು ಮೊನೆ ಹೊರಗೆ ಇಣುಕುತ್ತದೆ. ಅದನ್ನು ನೋಡಿದರೆ ಮತ್ತೆ ಸಂಶಯ ಬೇಡ. ಎಲೆಯ ಅಂಚಲ್ಲಿ ಬಿಡಿಬಿಡಿ ಕೂದಲು.

ಗಂಜಿಗರಿಕೆ. ಹೆಸರಲ್ಲೇ ಗರಿಕೆ ಇದೆ, ಅದೇ ತೊಂದರೆ. ಹುಲ್ಲುಗಾವಲಲ್ಲಿ ಓಡಾಡಿ ಬಂದಾಗ ಪಂಚೆ, ಸೀರೆ ಅಂಚಿಗೆಲ್ಲ ಚುಚ್ಚಿಕೊಂಡು ಬರುವ ಕಾಳು ಇದರದ್ದು. ಇದೂ ಬಹುವಾರ್ಷಿಕ, ಇದೂ ನೆಲಕ್ಕೆ ಹರಡುವುದು. ಆದರೆ ತೆನೆ ಬೆರಳಿನ ಹಾಗೆ ಇರುವುದಿಲ್ಲ. ಉದ್ದ ಕಡ್ಡಿಯ ತುದಿಯಲ್ಲಿ ಕೆಂಪು ನೇರಳೆ ಬಣ್ಣದ ಸಣ್ಣ ಗೊಂಚಲು.

ರಸ್ತೆ ಬದಿಯಲ್ಲಿ ನೇರಳೆ ಬಣ್ಣದ, ಕೂದಲು ಕೂದಲಾದ ಬೆರಳು ತೆನೆ ಗಾಳಿಗೆ ಹೊಳೆಯುತ್ತಿದ್ದರೆ ಅದು ಕ್ಲೋರಿಸ್. ದೂರದಿಂದಲೇ ಬಿಡಬಹುದು. ನರ್ಸರಿಯಲ್ಲಿ ಲಾನಿಗೆಂದು ಕೊಡುವ, ಗುಡ್ಡೆಗುಡ್ಡೆಯಾಗಿ ಬೆಳೆಯುವ ಕೊರಿಯನ್ ಗ್ರಾಸ್ ಕೂಡ ಗರಿಕೆಯಲ್ಲ. ಅದರ ತೆನೆ ಒಂಟಿ ಕಡ್ಡಿ. ಬರ್ಮುಡಾ ಗ್ರಾಸ್ ಅಂತ ಕೊಟ್ಟರೆ ಮಾತ್ರ ಅದು ನಮ್ಮ ಗರಿಕೆಯೇ ಅಥವಾ ಅದರ ತಳಿ.

ಹೆಸರು ಕೇಳಿ ಗೊಂದಲ ಮಾಡಿಕೊಳ್ಳಬೇಡಿ. ಪುರೋಹಿತರು ದೂರ್ವೆ ಅನ್ನುವುದು, ಧಾರವಾಡ ಕಡೆ ಕರಕಿ ಅನ್ನುವುದು, ಮರಾಠಿಯವರು ಹರಳಿ ಅನ್ನುವುದು ಇದನ್ನೇ. ದರ್ಭೆ ಮಾತ್ರ ಬೇರೆ. ಅದು ಉದ್ದ ಎಲೆಯ, ಎತ್ತರದ ಹುಲ್ಲು.

8. ಇನ್ನೂ ಅನುಮಾನ ಇದ್ದರೆ

ಎರಡು ದಾರಿ. ಒಂದು, ಬಲ್ಲವರಿಗೆ ಫೋಟೋ ಕಳಿಸಿ. ಆದರೆ ಕುಡಿಯ ಫೋಟೋ ಬೇಡ. ಬೇರು ಸಮೇತ ಎತ್ತಿದ ಹಂಬು ಬಿಳಿ ಹಾಳೆಯ ಮೇಲೆ, ಪಕ್ಕದಲ್ಲಿ ಸ್ಕೇಲು. ಒಂದು ಗೆಣ್ಣು ಹತ್ತಿರದಿಂದ. ಎಲೆ ಬಗ್ಗಿಸಿ ತೆಗೆದ ನಾಲಗೆ. ತೆನೆ ಇದ್ದರೆ ಅದರದ್ದೊಂದು. ಈ ನಾಲ್ಕಿದ್ದರೆ ಯಾರಾದರೂ ಹೇಳಿಯಾರು. ಬರಿ ಎಸಳಿನ ಫೋಟೋ ನೋಡಿ "ಹೌದು ಗರಿಕೆ" ಅಂದವರ ಮಾತನ್ನು ಅಷ್ಟು ನಂಬಬೇಡಿ, ನಾನಾದರೂ ಸರಿ.

ಇನ್ನೊಂದು, ಕುಂಡದಲ್ಲಿ ಬೆಳೆಸಿ ನೋಡುವುದು. ಎರಡು ಮೂರು ಗೊಂಚಲು ಗೆಣ್ಣಿರುವ ಹಂಬಿನ ತುಂಡನ್ನು ಮಣ್ಣಿಗೆ ಮಲಗಿಸಿ, ಅರ್ಧ ಇಂಚು ಮಣ್ಣು ಮುಚ್ಚಿ. ಬಿಸಿಲಲ್ಲಿ ಇಡಿ, ನೀರು ನಿಲ್ಲದ ಹಾಗೆ ನೋಡಿಕೊಳ್ಳಿ. ಎರಡು ವಾರದೊಳಗೆ ಚಿಗುರು ಕಾಣಬೇಕು. ಕತ್ತರಿಸದೆ ಬಿಟ್ಟರೆ ತೆನೆಯೂ ಬಂದೀತು. ನಿಜವಾದ ಗರಿಕೆಯಾದರೆ ಹಂಬು ಕುಂಡದ ಅಂಚು ದಾಟಿ ಹೊರಗೆ ಜೋತು ಬೀಳುತ್ತದೆ, ಕೆಳಗೆ ಮಣ್ಣು ತಾಗಿದಲ್ಲಿ ಬೇರು ಬಿಡುತ್ತದೆ. ಹಾಗಾಗಿ ಕುಂಡವನ್ನು ತರಕಾರಿ ಪಾತಿಯಿಂದ ದೂರ, ಸಿಮೆಂಟಿನ ಮೇಲೆ ಇಡಿ.

ಇದರಲ್ಲಿ ಇನ್ನೊಂದು ಲಾಭ. ರಸ್ತೆ ಬದಿಯ, ಮೈದಾನದ ಗರಿಕೆಗೆ ಕಳೆನಾಶಕ ಬಿದ್ದಿರಬಹುದು, ನಾಯಿ ಕಾಲೆತ್ತಿರಬಹುದು. ಪೂಜೆಗಾಗಲಿ ರಸ ತೆಗೆಯುವುದಕ್ಕಾಗಲಿ ಅದನ್ನು ತರುವ ಬದಲು ಮನೆ ಕುಂಡದ್ದು ಒಳ್ಳೆಯದು, ಅಲ್ವಾ? ಮಳೆಗಾಲದ ಶುರುವಿಗೆ ಹಂಬು ಹಾಕಿದರೆ ಚೌತಿಯ ಹೊತ್ತಿಗೆ 21 ಕುಡಿ ಕೊಯ್ದು ಮಿಗುವಷ್ಟು ಆಗಿರುತ್ತದೆ.